ಇಲವಾಲದ ಕೋರ್ಟು, ಎರಡು ಫ್ರೀ ಥ್ರೋ

ಮೈಸೂರಿಂದ ಹುಣಸೂರು ರಸ್ತೆ ಹಿಡಿದು ಹಿನಕಲ್, ಕೂರ್ಗಳ್ಳಿ ದಾಟಿದ್ರೆ ಇಲವಾಲ. ಬಲಕ್ಕೆ ತಿರುಗಿದ್ರೆ ಕೆಆರ್‌ಎಸ್, ನೇರ ಹೋದ್ರೆ ಮಡಿಕೇರಿ. ಹಾಗಾಗಿ ಹೆಚ್ಚಿನವರಿಗೆ ಇದು ಬಸ್ಸಿನ ಕಿಟಕಿಯಿಂದ ನೋಡಿ ಮರೆಯೋ ಊರು. 1957ರ ಸೆಪ್ಟೆಂಬರ್‌ನಲ್ಲಿ ವಿನೋಬಾ ಭಾವೆಯವರ ಗ್ರಾಮದಾನ ಸಮ್ಮೇಳನ ನಡೆದದ್ದು ಇಲ್ಲೇ, ನೆಹರೂ ಕೂಡ ಬಂದಿದ್ರು. ಭೂಮಿ ದಾನದ ಮಾತು ನಡೆದ ಊರಲ್ಲಿ ಈಗ ಸೈಟ್ ರೇಟ್ ಬಿಟ್ಟು ಬೇರೆ ಮಾತಿಲ್ಲ, ಅದಿರಲಿ.

ನಾನಿರೋ ಬಡಾವಣೆಯ ಪಾರ್ಕ್ ಪಕ್ಕ ಒಂದು ಸಿಮೆಂಟ್ ಬಾಸ್ಕೆಟ್‌ಬಾಲ್ ಕೋರ್ಟ್ ಇದೆ. ಗೆರೆಗಳು ಅರ್ಧ ಅಳಿಸಿಹೋಗಿವೆ, ಒಂದು ರಿಂಗಿಗೆ ನೆಟ್ ಇಲ್ಲ. ಬೆಳಗ್ಗೆ ಆರಕ್ಕೆ ಅಲ್ಲಿ ಇಬ್ಬರೇ ಇರ್ತೀವಿ. ಒಬ್ಬ ನಾನು, ಇನ್ನೊಬ್ಬಳು ಪಿಯುಸಿ ಓದೋ ಹುಡುಗಿ. ಮುಂದಿನ ವಾರ ಅವಳಿಗೆ ಸೆಲೆಕ್ಷನ್.

"ಅಂಕಲ್, ನಾನು ಶೂಟ್ ಮಾಡುವಾಗ ಗಲಾಟೆ ಮಾಡ್ತೀರಾ?" ಅಂದಳು ಒಂದಿನ. ಮೂವತ್ತಕ್ಕೇ ಅಂಕಲ್! ಆದ್ರೆ ಅವಳು ಕೇಳಿದ್ದು ಮಾತ್ರ ಸರಿಯಾದ ವಿಷಯ.

ಫ್ರೀ ಥ್ರೋ ನೋಡೋಕೆ ಆಟದಲ್ಲೇ ಅತಿ ಸುಲಭ. ಬೋರ್ಡಿನಿಂದ 4.6 ಮೀಟರ್ ದೂರದ ಗೆರೆ, 3.05 ಮೀಟರ್ ಎತ್ತರದ ರಿಂಗು, ಕೈಯಲ್ಲಿ ಐದು ಸೆಕೆಂಡ್. ಯಾರೂ ಅಡ್ಡ ಬರೋ ಹಾಗಿಲ್ಲ. ಆದ್ರೂ ಎನ್‌ಬಿಎ ಇತಿಹಾಸದಲ್ಲೇ ಅತಿ ನಿಖರ ಅನಿಸಿಕೊಂಡ ಸ್ಟೀಫನ್ ಕರಿ ಹಾಕೋದು ನೂರಕ್ಕೆ ಸುಮಾರು 91.

ಎಂಜಿನಿಯರಿಂಗ್ ಓದುವಾಗ ನಾನು ಪ್ರಾಕ್ಟೀಸಲ್ಲಿ ನೂರಕ್ಕೆ ಎಂಬತ್ತು ಹಾಕ್ತಿದ್ದೆ. ಫೈನಲ್‌ನಲ್ಲಿ ಒಂದು ಪಾಯಿಂಟ್ ಹಿಂದಿದ್ವಿ, ಕೊನೆಯ ಕ್ಷಣ, ನನಗೆ ಎರಡು ಫ್ರೀ ಥ್ರೋ. ಮೊದಲನೆಯದು ರಿಂಗಿನ ಮುಂಭಾಗಕ್ಕೆ ಬಡಿದು ವಾಪಸ್ ಬಂತು. ಎರಡನೆಯದು ರಿಂಗನ್ನು ಮುಟ್ಟಲೇ ಇಲ್ಲ. ವಾಪಸ್ ಬರುವಾಗ ಬಸ್ಸಲ್ಲಿ ಯಾರೂ ಬೈಯಲಿಲ್ಲ. ಬೈದಿದ್ರೇ ಚೆನ್ನಾಗಿತ್ತು.

ಎಲ್ಲಿ ತಪ್ಪಿದೆ ಅಂತ ಅರ್ಥವಾಗೋಕೆ ವರ್ಷಗಳು ಬೇಕಾದವು. ನೂರು ಶಾಟನ್ನೂ ನಾನು ಆರಾಮಾಗಿ, ಒಂದೇ ಕಡೆ ನಿಂತು, ಸಾಲಾಗಿ ಹೊಡೀತಿದ್ದೆ. ಪಂದ್ಯದಲ್ಲಿ ಹಾಗೆ ನೂರು ಸಿಗಲ್ಲ. ಓಡಿ ಓಡಿ ಕಾಲು ಸೋತಾಗ ಎರಡು ಸಿಗುತ್ತೆ. ಕಾಲಲ್ಲಿ ಶಕ್ತಿ ಇಲ್ಲದಿದ್ರೆ ಚೆಂಡು ಗಿಡ್ಡ ಬೀಳುತ್ತೆ. ಅದರ ಜೊತೆ, "ಮೊಣಕೈ ಒಳಗಿದೆಯಾ?" ಅಂತ ಆ ಹೊತ್ತಲ್ಲಿ ಯೋಚಿಸಿದೆ. ಹಿಂದೆ ಯಾರಾದ್ರೂ ಬಂದು ನಿಂತರೆ ದಿನಾ ಹೊಡೆಯೋ ಪಾಸ್‌ವರ್ಡೇ ತಪ್ಪಾಗುತ್ತಲ್ಲ, ಅದೇ ಕಥೆ. ಕೈಗೆ ಗೊತ್ತಿರೋದರ ಮಧ್ಯೆ ತಲೆ ಬಾಯಿ ಹಾಕ್ತು.

ಹಾಗಾಗಿ ಇಲವಾಲದಲ್ಲಿ ನಮ್ಮ ನಿಯಮ ಬೇರೆ. ಕೋರ್ಟಿನ ಈ ತುದಿಯಿಂದ ಆ ತುದಿಗೆ ಹೋಗಿ ಬಂದು, ಎದೆ ಡವಗುಟ್ಟುತ್ತಿರುವಾಗಲೇ ಎರಡೇ ಎರಡು ಶಾಟ್. ಒಂದು ತಪ್ಪಿದ್ರೂ ಮತ್ತೆ ಓಟ. ಶಾಟ್‌ಗೆ ಮುಂಚೆ ಪ್ರತಿಸಲವೂ ಅದೇ ಕ್ರಮ: ಮೂರು ಸಲ ಚೆಂಡು ಪುಟಿಸೋದು, ಒಂದು ಉಸಿರು ಬಿಡೋದು, ರಿಂಗಿನ ಮೇಲೆ ಕಣ್ಣು ನೆಡೋದು. ಈ ಕಣ್ಣಿನ ವಿಷಯ ಸುಮ್ಮನೆ ಹೇಳ್ತಿಲ್ಲ. ಕೆನಡಾದ ಜೋನ್ ವಿಕರ್ಸ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೆನ್ನಾಗಿ ಫ್ರೀ ಥ್ರೋ ಹಾಕೋರ ನೋಟ ಎಸೆಯೋ ಮುಂಚೆ ಗುರಿಯ ಮೇಲೆ ಹೆಚ್ಚು ಹೊತ್ತು ಅಲುಗಾಡದೆ ನಿಂತಿರುತ್ತೆ ಅಂತ ಕಂಡುಬಂತು.

ಎರಡು ಶಾಟ್‌ನ ಬೆಲೆ ಎಷ್ಟು ಅಂದ್ರೆ, 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮ ಮಹಿಳೆಯರು ಕಜಕಸ್ತಾನವನ್ನು ಸೋಲಿಸಿ ಏಷ್ಯಾ ಕಪ್ ಬಿ ಡಿವಿಷನ್ ಗೆದ್ದಾಗ ಸ್ಕೋರು 75–73. ಹುಡುಗಿಗೆ ಇದನ್ನು ಹೇಳಿದೆ. "ನನಗೆ ಇನ್ನೂ ಟೆನ್ಷನ್ ಮಾಡಬೇಡಿ" ಅಂದಳು.

ನಿನ್ನೆ ಬೆಳಗ್ಗೆ ಅವಳು ಓಡಿ ಬಂದು ಗೆರೆ ಮೇಲೆ ನಿಂತಾಗ ನಾನು ಖಾಲಿ ನೀರಿನ ಬಾಟಲಿಯನ್ನು ಕಂಬಕ್ಕೆ ಬಡಿದು ಕೂಗಾಡಿದೆ. ವಾಕಿಂಗ್ ಬಂದಿದ್ದ ತಾತ ಒಬ್ಬರು ನಿಂತು, "ಯಾಕಪ್ಪ, ಆ ಮಗೂಗೆ ಹಾಗೆ ಕಾಟ ಕೊಡ್ತೀಯ?" ಅಂದ್ರು. ಅವಳು ತಿರುಗಿಯೂ ನೋಡಲಿಲ್ಲ. ಎರಡೂ ಬಿತ್ತು.

ಆಮೇಲೆ ಬಾಟಲಿ ಅವಳ ಕೈಗೆ ಹೋಯ್ತು, ಚೆಂಡು ನನ್ನ ಕೈಗೆ ಬಂತು. ತಾತ ಅಲ್ಲೇ ಬೆಂಚ್ ಮೇಲೆ ಕೂತ್ರು. ಓಡಿ ಬಂದು ನಿಂತೆ. ಮೊದಲನೆಯದು ಒಳಗೆ. ಎರಡನೆಯದು ರಿಂಗಿನ ಸುತ್ತ ಒಂದು ಸುತ್ತು ಹಾಕಿ ಹೊರಗೆ ಬಿತ್ತು.

"ಓಡಿ ಅಂಕಲ್," ಅಂದಳು.