ಬೇಚರಾಕ್ ಪಕ್ಕದ ಹೊಲ

ಸೆಪ್ಟೆಂಬರ್ 14, 2024, ಶನಿವಾರ

ತಮ್ಮ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಬೀಸಲು ಗೌಡ್ರು ಕೊನೆಗೂ ಹೂಂ ಅಂದರು. ಇಲ್ಲಿ ಯಾರೂ ಯಾರನ್ನೂ ಹಾಗೆ ಕರೆಯುವುದಿಲ್ಲ. ಆದರೆ ಎಪ್ಪತ್ತರ ಹತ್ತಿರದ ರೈತ, ಮುನ್ನೂರು ಎಕರೆ, ಮಾತು ಕಡಿಮೆ. ನನ್ನ ಮನಸ್ಸಿಗೆ ಬೇರೆ ಹೆಸರು ಹೊಳೆಯಲಿಲ್ಲ. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಬೆಲೆಬಾಳುವುದು ಸಿಕ್ಕರೆ ಅರ್ಧರ್ಧ. ತೆಗೆದ ಗುಂಡಿ ಮುಚ್ಚಬೇಕು. ಬಿತ್ತನೆಯಾದ ಮೇಲೆ ಕಾಲಿಡಬಾರದು. ಬೇಲಿಯಾಚೆ ಹೋಗಬಾರದು.

ಬೇಲಿಯಾಚೆ ಹುಲ್ಲು, ಕುರಿ. ನೆಲ ಸಮ ಇಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಉಬ್ಬುತಗ್ಗುಗಳ ನೆರಳೆದ್ದು ಬೀದಿ, ಮನೆಯ ತಳಪಾಯ, ಹಿತ್ತಿಲು ಎಲ್ಲ ಕಾಣುತ್ತವೆ. ಮಧ್ಯಯುಗದ ಊರು. ಜನ ಬಿಟ್ಟುಹೋದದ್ದು. ಲಿಂಕನ್‌ಶೈರಿನಲ್ಲಿ ಇಂಥವು ಬಹಳ. ಗೇನ್ಸ್‌ಥಾರ್ಪ್ ಎಂಬ ಊರಿನ ಫೋಟೋ, 1925ರಲ್ಲಿ ವಿಮಾನದಿಂದ ತೆಗೆದದ್ದು, ಎಷ್ಟು ಸಲ ನೋಡಿದ್ದೇನೋ. ಮನೆಗಳೆಲ್ಲ ರಂಗೋಲಿ ಅಳಿಸಿದ ಗುರುತಿನ ಹಾಗೆ.

ಗೌಡ್ರ ಬೇಲಿಯಾಚೆಯ ಈ ಊರು ಸಂರಕ್ಷಿತ ಸ್ಮಾರಕ. 1979ರ ಕಾಯ್ದೆ ಪ್ರಕಾರ ಅಪ್ಪಣೆಯಿಲ್ಲದೆ ಅಲ್ಲಿ ಡಿಟೆಕ್ಟರ್ ಹಿಡಿದು ಓಡಾಡುವುದೇ ಅಪರಾಧ, ಅಗೆಯದಿದ್ದರೂ.

ನಮ್ಮ ಕಡೆ ಕಂದಾಯದ ಲೆಕ್ಕದಲ್ಲಿ ಇಂಥ ಊರಿಗೆ ಬೇಚರಾಕ್ ಗ್ರಾಮ ಅಂತಾರೆ. ದೀಪವಿಲ್ಲದ್ದು. ಹೆಸರಿರುತ್ತದೆ, ಸರ್ವೆ ನಂಬರ್ ಇರುತ್ತದೆ, ಒಲೆ ಹೊತ್ತಿಸುವವರು ಇರುವುದಿಲ್ಲ. ನಮ್ಮೂರ ಮಗ್ಗುಲಲ್ಲೂ ಒಂದಿತ್ತು. ಹಾಳೂರು ಅನ್ನುತ್ತಿದ್ದೆವು.

ಸೆಪ್ಟೆಂಬರ್ 15, ಭಾನುವಾರ

ಐದು ಗಂಟೆ ನಡೆದೆ. ಕುದುರೆ ಲಾಳ ಅರ್ಧ. ಡಬ್ಬಿಯ ಕಿವಿ ಏಳು. ಟ್ರ್ಯಾಕ್ಟರಿನ ಯಾವುದೋ ಬೋಲ್ಟು. ಸೈನಿಕರ ಅಂಗಿಯ ಗುಂಡಿ ಒಂದು, ಹೊಳಪು ಹೋಗಿದೆ. ರಾಣಿ ವಿಕ್ಟೋರಿಯಾಳ ಪೆನ್ನಿ, ತುರುಬು ಕಟ್ಟಿದ ಮುಖದ್ದು, ಇಸವಿ ಸವೆದುಹೋಗಿದೆ. ತುರುಬಿನದ್ದು ಅಂದಮೇಲೆ 1860ರ ನಂತರದ್ದು.

ಕಬ್ಬಿಣಕ್ಕೆ ಯಂತ್ರದ ದನಿ ಗೊಗ್ಗರು. ಬೆಳ್ಳಿಗೆ ಎಳೆಯ ದನಿ, ಮಗು ಕರೆದ ಹಾಗೆ. ನಡುವಿನದೇ ಕಷ್ಟ. ಸೀಸ, ಡಬ್ಬಿಯ ಕಿವಿ, ಚಿನ್ನ, ಮೂರೂ ಅಲ್ಲೇ ಇರುತ್ತವೆ. ಅಗೆಯದೆ ಗೊತ್ತಾಗುವುದಿಲ್ಲ.

ಬೆನ್ನು ಹಿಡಿದುಕೊಂಡಿದೆ. ಮನಸ್ಸು ಹಗುರ.

ಸೆಪ್ಟೆಂಬರ್ 16, ರಾತ್ರಿ ಪಾಳಿ, 3.20

ಲ್ಯಾಬಿನಲ್ಲಿ ಕೆಲಸ ಕಡಿಮೆ. ನಿನ್ನೆ ಮಗಳು ಕೇಳಿದಳು, "ಅಪ್ಪ, ನಿಧಿ ಸಿಕ್ಕರೆ ನಾವು ಏನು ಕೊಳ್ಳೋಣ?" ಹಾಕ್ಸನ್ ಎಂಬ ಊರಿನ ನಿಧಿಯ ಕತೆ ಹೇಳಿದೆ. 1992ರ ನವೆಂಬರಿನಲ್ಲಿ ಸಫೋಕ್‌ನ ಎರಿಕ್ ಲಾಸ್ ಹೊಲಕ್ಕೆ ಹೋದದ್ದು ನಿಧಿಗಾಗಿ ಅಲ್ಲ, ರೈತ ಗೆಳೆಯ ಕಳೆದುಕೊಂಡ ಸುತ್ತಿಗೆ ಹುಡುಕಲು. ಸಿಕ್ಕಿದ್ದು ಹದಿನೈದು ಸಾವಿರದಷ್ಟು ರೋಮನ್ ನಾಣ್ಯ, ಚಿನ್ನದ ಸರ, ಬೆಳ್ಳಿಯ ಚಮಚ. ಒಂದಷ್ಟು ತೆಗೆದವನು ಕೈ ನಿಲ್ಲಿಸಿದ. ತಿಳಿಸಬೇಕಾದವರಿಗೆ ತಿಳಿಸಿದ. ಮಾರನೇ ದಿನ ಪುರಾತತ್ವದವರು ಬಂದು ಪದರ ಪದರವಾಗಿ ಬಿಡಿಸಿದರು. ಮರದ ಪೆಟ್ಟಿಗೆಯೊಳಗೆ ಯಾವುದು ಯಾವುದರ ಪಕ್ಕ ಇತ್ತು ಅಂತ ಇವತ್ತಿಗೂ ಹೇಳಬಹುದು. ಸುತ್ತಿಗೆಯೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲೇ ಇದೆ.

ಮಗಳಿಗೆ ಸುತ್ತಿಗೆ ಬಹಳ ಹಿಡಿಸಿತು. ನನಗೆ ಆತ ಕೈ ನಿಲ್ಲಿಸಿದ್ದು. ಕಣ್ಣೆದುರು ಚಿನ್ನ ಕಾಣುವಾಗ ನಿಲ್ಲಿಸುವುದು.

ಸೆಪ್ಟೆಂಬರ್ 29, ಭಾನುವಾರ

ಎರಡು ವಾರ ಮಳೆ. ಹೊಲ ಹದ ಇಲ್ಲ, ಬಿತ್ತನೆ ತಡ ಅಂತ ಗೌಡ್ರಿಗೆ ಚಿಂತೆ. ನನಗೆ ಅದರಿಂದಲೇ ದಿನ ಹೆಚ್ಚು ಸಿಕ್ಕವು. ಅದನ್ನು ಅವರೆದುರು ಹೇಳಲಿಲ್ಲ.

ಇವತ್ತು ಸೀಸ ಒಂದು. ಹೆಂಟೆ ಒಡೆದರೆ ಬಿಳಿ ಬೂದಿ ಹತ್ತಿದ ಉಂಡೆ, ಹಳೇ ಬಂದೂಕಿನದು. ಅಂಗೈಗೆ ಬಿದ್ದ ಕೂಡಲೇ ಮೈಯೆಲ್ಲ ಒಂಥರಾ ಆಯಿತು. ಗಾತ್ರಕ್ಕೆ ಮೀರಿದ ಭಾರ. ಕಣ್ಣು ಮರೆತದ್ದು ಅಂಗೈ ಮರೆಯುವುದಿಲ್ಲ.

ಬೇಗ ಮನೆಗೆ ಬಂದೆ.

ಅಕ್ಟೋಬರ್ 6, ಭಾನುವಾರ, ಸಂಜೆ

ತೋಳ!

ಬೆಳಗ್ಗೆ 10.40. ಬೇಲಿಯಿಂದ ನಲವತ್ತು ಹೆಜ್ಜೆ. ದನಿ ಸಣ್ಣದು, ಆದರೆ ಎಡದಿಂದ ಬೀಸಿದರೂ ಬಲದಿಂದ ಬೀಸಿದರೂ ಒಂದೇ. ಒಂದು ಗೇಣು ಆಳ. ಮೊದಲು ಹಸಿರು ಚುಕ್ಕೆ ಕಂಡಿತು. ಬೆರಳಿನಿಂದ ಉಜ್ಜಬಾರದು ಅಂತ ಗೊತ್ತು, ಉಜ್ಜಲಿಲ್ಲ. ಬಾಟಲಿ ನೀರು ಎರಡು ಹನಿ. ಮಣ್ಣು ತಾನಾಗಿ ಜಾರಿತು. ಕಾಲು ಅಗಲಿಸಿ ನಿಂತ ಹೆಣ್ಣು ತೋಳ, ಕತ್ತು ಹಿಂದಕ್ಕೆ ತಿರುಗಿಸಿದೆ. ಹೊಟ್ಟೆಯ ಕೆಳಗೆ ಹಾಲು ಕುಡಿಯುವ ಎರಡು ಮಕ್ಕಳು, ಹುರಿದ ಎಳ್ಳಿನಷ್ಟು. ಮೇಲೆ ಎರಡು ನಕ್ಷತ್ರ. ಕೆಳಗಿನ ಅಕ್ಷರಗಳು ಟ್ರಿಯರ್ ಟಂಕಸಾಲೆಯವು. ಇನ್ನೊಂದು ಬದಿ ಶಿರಸ್ತ್ರಾಣ ತೊಟ್ಟ ರೋಮಾ ದೇವಿ. ಕಾನ್‌ಸ್ಟಂಟೈನನ ಕಾಲ, 330ರ ಸುಮಾರಿನದು. ಇಲ್ಲಿ ಅಪರೂಪವೇನಲ್ಲ, ಬೆಲೆಯೂ ಇಲ್ಲ.

ಮಂಡಿಯೂರಿ ಎಷ್ಟು ಹೊತ್ತು ಕೂತಿದ್ದೆನೋ. ಪ್ಯಾಂಟು ನೆನೆದದ್ದು ಆಮೇಲೆ ಗೊತ್ತಾಯಿತು. ಕೊನೆಯದಾಗಿ ಇದನ್ನು ಮುಟ್ಟಿದವನಿಗೂ ನನಗೂ ನಡುವೆ ಯಾರೂ ಇಲ್ಲ.

ಹೈಸ್ಕೂಲಿನಲ್ಲಿ ಮೇಷ್ಟ್ರು ಚಂದ್ರವಳ್ಳಿಗೆ ಕರೆದುಕೊಂಡು ಹೋಗಿದ್ದರು. ಎಂ. ಎಚ್. ಕೃಷ್ಣ ಅಗೆದದ್ದು ಇಲ್ಲಿ, 1947ರಲ್ಲಿ ವೀಲರ್ ಅಗೆದದ್ದು ಇಲ್ಲಿ, ರೋಮಿನ ಬೆಳ್ಳಿ ನಾಣ್ಯ ಸಿಕ್ಕಿದ್ದು ಈ ಮಣ್ಣಲ್ಲಿ ಅಂತ ತೋರಿಸಿದರು. ನಾವು ನೇರಳೆಹಣ್ಣು ಆರಿಸುತ್ತಿದ್ದೆವು. ರೋಮು ಅಂದರೆ ನಮ್ಮ ದುರ್ಗಕ್ಕೂ ಇಲ್ಲಿನ ಈ ಹೊಲಕ್ಕೂ ಬಂದುಹೋದ ಒಬ್ಬ ನೆಂಟ ಅನ್ನಿಸಿತು ಇವತ್ತು.

ಫೋನಿನಲ್ಲಿ ಜಾಗದ ಅಂಕಿ ಬರೆದುಕೊಂಡೆ. ಹತ್ತು ಅಂಕಿ ಬರೆದರೆ ಒಂದು ಮೀಟರಿನೊಳಗೆ ಹೇಳಿದ ಹಾಗೆ.

ಅಕ್ಟೋಬರ್ 11, ಶುಕ್ರವಾರ, ಆಯುಧಪೂಜೆ

ಕಾರು, ಕುಕ್ಕರು, ಮಗಳ ಲ್ಯಾಪ್‌ಟಾಪು, ಹೆಂಡತಿಯ ಹೊಲಿಗೆ ಯಂತ್ರ. ಕೊನೆಯಲ್ಲಿ ನನ್ನ ಡಿಟೆಕ್ಟರು, ಸನಿಕೆ. ಒರೆಸಿ ಕುಂಕುಮ ಇಟ್ಟೆ. ಸೇವಂತಿಗೆ ಸೂಪರ್ ಮಾರ್ಕೆಟ್ಟಿನದು, ವಾಸನೆ ಇಲ್ಲ.

ಸನಿಕೆಗೆ ಕುಂಕುಮ ಇಡುವಾಗ ಚಿಕ್ಕಪ್ಪನ ಗುದ್ದಲಿ ನೆನಪಾಯಿತು. ಅದಕ್ಕೂ ಇಟ್ಟಿದ್ದರು, ಅವತ್ತು ರಾತ್ರಿ. ಜೊತೆಗೆ ನಿಂಬೆಹಣ್ಣು.

ಇದನ್ನು ಬರೆಯಬಾರದು ಅಂತಿದ್ದೆ.

ಅಕ್ಟೋಬರ್ 17, ಗುರುವಾರ

ತೋಳವನ್ನು ತೋರಿಸಿ ಬಂದೆ. ಕೌಂಟಿಗೊಬ್ಬರು ಅಧಿಕಾರಿ ಇರುತ್ತಾರೆ, ಸಿಕ್ಕಿದ್ದನ್ನು ದಾಖಲು ಮಾಡಲಿಕ್ಕೆ. ಹುಡುಗಿ, ಮೂವತ್ತು ಇರಬಹುದು. ತೂಗಿದಳು, ಅಳೆದಳು, ಫೋಟೋ ತೆಗೆದಳು. ಒಂಟಿ ಕಂಚಿನ ನಾಣ್ಯ ಇಲ್ಲಿನ 1996ರ ಕಾಯ್ದೆಯ ನಿಧಿಯಲ್ಲ. ಚಿನ್ನಬೆಳ್ಳಿ ಆಗಿದ್ದು ಮುನ್ನೂರು ವರ್ಷ ದಾಟಿದ ಒಡವೆಯೋ, ಒಂದೇ ಕಡೆ ಎರಡು ನಾಣ್ಯವೋ ಸಿಕ್ಕರೆ ಹದಿನಾಲ್ಕು ದಿನದೊಳಗೆ ತಿಳಿಸಲೇಬೇಕು. ಇದನ್ನು ತೋರಿಸುವುದು ನಮ್ಮ ಇಷ್ಟ. ಹೀಗೆ ಇಷ್ಟಪಟ್ಟು ತೋರಿಸಿದವೇ ಅವರ ಪಟ್ಟಿಯಲ್ಲಿ ಹದಿನೈದು ಲಕ್ಷ ಮೀರಿವೆ.

ಅವಳು ಮೊದಲು ಕೇಳಿದ್ದು ಏನು ಅಂತ ಅಲ್ಲ. ಎಲ್ಲಿ ಅಂತ. ಅಂಕಿ ಹೇಳಿದೆ. ಎಷ್ಟು ಆಳ? ಹೇಳಿದೆ. ಅಕ್ಕಪಕ್ಕ ಹೆಂಚಿನ ಚೂರು ಇತ್ತಾ? ಇತ್ತು, ಕೆಂಪಗೆ. ಅವಳ ಮುಖ ಅರಳಿತು. ಆ ಊರಿಗಿಂತ ಸಾವಿರ ವರ್ಷ ಮೊದಲೇ ಅಲ್ಲಿ ಒಂದು ಮನೆ ಇದ್ದಿರಬಹುದಂತೆ.

ನಾಣ್ಯ ವಾಪಸ್ ಕೊಟ್ಟಳು. ಕಾರಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಹತ್ತಿರ ಇನ್ನೊಂದಿದೆ, ಅದನ್ನು ತಂದು ಮೇಜಿನ ಮೇಲಿಟ್ಟಿದ್ದರೆ? ಎಲ್ಲಿ ಅಂದರೆ ಏನು ಹೇಳಲಿ?

ಅಕ್ಟೋಬರ್ 20, ಭಾನುವಾರ

ಬೇಲಿ ದಾಟಿದೆ.

ಯಾರೂ ಇರಲಿಲ್ಲ. ಕುರಿಗಳನ್ನು ಆಚೆ ಹೊಲಕ್ಕೆ ಹೊಡೆದಿದ್ದರು. ಫೋಟೋ ತೆಗೆಯಲು ಅಂತ ದಾಟಿದ್ದು. ಯಂತ್ರ ಹೆಗಲಲ್ಲಿತ್ತು. ಆನ್ ಇತ್ತು. ತಗ್ಗಿನ ಬೀದಿಯಲ್ಲಿ ಇಳಿದು ಹೋಗುವಾಗ ತಟ್ಟೆ ನೆಲಕ್ಕೆ ಇಳಿದಿತ್ತು. ನಾನೇ ಇಳಿಸಿದೆನಾ, ಹೆಗಲಿಂದ ಜಾರಿತಾ? ಎರಡು ಸಲ ಬರೆದು ಹೊಡೆದುಹಾಕಿದೆ. ಇಳಿಸಿದೆ. ನಾನೇ.

ಮನೆಯೊಂದರ ಹೊಸ್ತಿಲಿರಬೇಕು ಅನ್ನಿಸುವ ಕಡೆ ದನಿ ಬಂತು. ಅಷ್ಟು ಸ್ವಚ್ಛ ದನಿ ಈ ಐದು ವಾರಗಳಲ್ಲಿ ಕೇಳಿಲ್ಲ. ಆಫ್ ಮಾಡಿ ಹಿಂದಿರುಗಿದೆ. ಸನಿಕೆ ಮುಟ್ಟಲಿಲ್ಲ.

ಮುಟ್ಟಲಿಲ್ಲ ಅನ್ನುವುದು ಎಷ್ಟರ ಮಟ್ಟಿಗೆ ಸಮಾಧಾನ? ರಾತ್ರಿಯೆಲ್ಲ ಆ ದನಿ ಕಿವಿಯಲ್ಲಿ.

ಅಕ್ಟೋಬರ್ 27, ಭಾನುವಾರ

ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ದಿನ. ಬೆಳಗ್ಗೆ ಬೇಗ ಬಂದೆ. ಬೇಲಿಯಾಚೆ ಗುಂಡಿ. ಒಂಬತ್ತು. ಮುಚ್ಚಿಲ್ಲ. ಹುಲ್ಲಿನ ಹೆಪ್ಪಳಿಕೆ ಕಿತ್ತು ಪಕ್ಕಕ್ಕೆ ಎಸೆದಿದ್ದಾರೆ. ರಾತ್ರಿ ಕಳ್ಳರು.

ಗೌಡ್ರಿಗೆ ಫೋನು ಮಾಡಿದೆ. ಬಂದರು. ಗುಂಡಿ ನೋಡಿದರು, ಆಮೇಲೆ ನನ್ನ ಬೂಟು ನೋಡಿದರು. ಒಂದು ಕ್ಷಣ, ಅಷ್ಟೇ. ನೋಡಿದ್ದು ನಿಜವಾ? ಊರಿಗೆಲ್ಲ ನಾನೊಬ್ಬನೇ ಈ ಬಣ್ಣದವನು, ಹಾಗಾಗಿ ನನಗೇ ಅನ್ನಿಸಿತಾ? ಕಳೆದ ವಾರ ದಾಟಿದ್ದನ್ನು ಆಗ ಹೇಳಬಹುದಿತ್ತು. ಹೇಳಲಿಲ್ಲ. ಪೊಲೀಸಿನವಳು ಬಂದು ಬರೆದುಕೊಂಡಳು. ಅವಳಿಗೂ ಹೇಳಲಿಲ್ಲ.

ಹಿಯರ್‌ಫರ್ಡ್‌ಶೈರಿನಲ್ಲಿ 2015ರಲ್ಲಿ ಇಬ್ಬರು ವೈಕಿಂಗ್ ಕಾಲದ ನಿಧಿ ಬಚ್ಚಿಟ್ಟು ಮಾರಿ 2019ರಲ್ಲಿ ಜೈಲಿಗೆ ಹೋದರು. ಮುನ್ನೂರರಷ್ಟು ನಾಣ್ಯದಲ್ಲಿ ಆಗ ಸಿಕ್ಕಿದ್ದು ಮೂವತ್ತು ಚಿಲ್ಲರೆ. ತಿಳಿಸಿದ್ದರೆ ಕಾನೂನಿನಂತೆಯೇ ದೊಡ್ಡ ಹಣ ಬರುತ್ತಿತ್ತು. ಉಳಿದ ನಾಣ್ಯ ಎಲ್ಲಿ ಕರಗಿದವೋ.

ಹೊಸ್ತಿಲಿನ ಹತ್ತಿರ ಹೋಗಿ ನೋಡಿದೆ. ಅಲ್ಲೂ ಗುಂಡಿ.

ಅಕ್ಟೋಬರ್ 27, ರಾತ್ರಿ 11.50

ಬರೆದುಬಿಡುತ್ತೇನೆ.

ನನಗೆ ಹನ್ನೊಂದು ವರ್ಷ. ಅಮಾವಾಸ್ಯೆ. ಹಾಳೂರಿನ ಬಸವಣ್ಣ, ಗುಡಿ ಬಿದ್ದುಹೋಗಿ ಬಯಲಲ್ಲಿ ಕೂತಿದ್ದ. ಚಿಕ್ಕಪ್ಪ, ಪರಸ್ಥಳದ ಮೂವರು. ನನ್ನ ಕೆಲಸ ಟಾರ್ಚು ಹಿಡಿಯುವುದು. ಯಾರಿಗೂ ಹೇಳಬೇಡ, ಸೈಕಲ್ ಕೊಡಿಸ್ತೀನಿ ಅಂದಿದ್ದರು. ಹಾರೆ ಹಾಕಿ ಬಸವಣ್ಣನನ್ನು ಎಬ್ಬಿಸಿದರು. ಮಗ್ಗುಲಾಗಿ ಬಿದ್ದ, ಒಂದು ಕೋಡು ಮುರಿಯಿತು. ಆ ಸದ್ದು ಕಲ್ಲು ಒಡೆದಂತೆ ಇರಲಿಲ್ಲ, ಒಣಕಟ್ಟಿಗೆ ಲಟಕ್ಕೆಂದ ಹಾಗೆ. ಎದೆಮಟ್ಟ ಅಗೆದರು. ಚಿನ್ನ ಇಲ್ಲ, ಕೊಪ್ಪರಿಗೆ ಇಲ್ಲ. ಮಡಕೆ ಚೂರು, ಬೂದಿಮಣ್ಣು. ಎತ್ತಿ ಹಾಕಿದ ಮಣ್ಣಲ್ಲಿ ಟಾರ್ಚಿನ ಬೆಳಕಿಗೆ ಒಂದು ಬಿಲ್ಲೆ ಕಂಡಿತು. ಕಾಲಲ್ಲಿ ಒತ್ತಿಕೊಂಡೆ, ಆಮೇಲೆ ಚಡ್ಡಿ ಜೇಬಿಗೆ. ನಾಯಿ ಬೊಗಳಿತು, ಎಲ್ಲರೂ ಓಡಿದೆವು. ಟಾರ್ಚು ಎಲ್ಲೋ ಬಿತ್ತು. ಬಾವಿಗೆ ಬಿತ್ತು ಅಂತ ಮನೆಯಲ್ಲಿ ಹೇಳಿದೆ. ಅಪ್ಪ ಬೈಯಲಿಲ್ಲ.

ಸೈಕಲ್ ಬರಲಿಲ್ಲ.

ನವೆಂಬರ್ 1, ಶುಕ್ರವಾರ, ದೀಪಾವಳಿ

ಹಣತೆ ಹದಿನಾರು. ಒಂದನ್ನು ಹಿತ್ತಿಲಿನ ಮೂಲೆಯಲ್ಲಿಟ್ಟೆ. ಯಾಕೆ ಅಂತ ಇವಳು ಕೇಳಿದಳು. ಗಾಳಿ ಕಡಿಮೆ ಅಲ್ಲಿ ಅಂದೆ.

ಅಪ್ಪನಿಗೆ ಫೋನು. ಹಬ್ಬ, ಮಳೆ, ಮಂಡಿನೋವು ಎಲ್ಲ ಆದಮೇಲೆ ಕೇಳಿದೆ, "ಅಪ್ಪ, ಹಾಳೂರಿನ ಬಸವಣ್ಣ ಈಗ ಎಲ್ಲವ್ನೆ?"

"ಈಗ್ಯಾಕಪ್ಪ ಅದು? ಊರ ಮುಂದ್ಲ ಗುಡೀಲಿ ತಂದಿಟ್ಟವ್ರೆ. ಕೋಡಿಗೆ ಸಿಮೆಂಟು ಹಚ್ಚವ್ರೆ."

"ಮೊದಲು ಇದ್ದ ಜಾಗ?"

"ಜೆಸಿಬಿ ಹೊಡ್ಸಿ ಅಡಿಕೆ ಹಾಕವ್ರೆ. ಏನೂ ಗುರ್ತು ಸಿಗಾಕಿಲ್ಲ ಬಿಡು."

ಚಿಕ್ಕಪ್ಪ ಹೇಗಿದ್ದಾರೆ ಅಂತ ಕೇಳಿದೆ. ಡಯಾಲಿಸಿಸ್, ವಾರಕ್ಕೆ ಎರಡು ಸಲ. ಸಣ್ಣ ಮಗಳಿಗೆ ಗಂಡು ನೋಡುತ್ತಿದ್ದಾರೆ.

ನವೆಂಬರ್ 3, ಭಾನುವಾರ

ಮನೆಯಲ್ಲಿ ಯಾರೂ ಇಲ್ಲ. ಶೇವಿಂಗ್ ಡಬ್ಬಿಯ ತಳದಿಂದ ಅದನ್ನು ತೆಗೆದೆ. 2009ರಲ್ಲಿ ಬರುವಾಗ ಅದರಲ್ಲೇ ಹಾಕಿಕೊಂಡು ಬಂದದ್ದು. ನೂರು ವರ್ಷ ದಾಟಿದ ನಾಣ್ಯವನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ, 1972ರ ಕಾಯ್ದೆ. ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಿಟ್ಟು ಬರುತ್ತಿದ್ದೆನಾ?

ಸೀಸ. ಒಂದು ಬದಿ ಹಿಣಿಲಿರುವ ಗೂಳಿ, ಮುಖ ಸವೆದಿದೆ. ಇನ್ನೊಂದು ಬದಿ ಬೇಲಿಯೊಳಗಿನ ಮರವಿರಬಹುದು. ಚಂದ್ರವಳ್ಳಿಯಲ್ಲಿ ಸಿಕ್ಕ ಮಹಾರಥಿಗಳ ಸೀಸದ ನಾಣ್ಯದ ಚಿತ್ರದ ಪಕ್ಕ ಇಟ್ಟು ನೋಡಿದೆ. ಹೋಲುತ್ತದೆ ಅನ್ನಿಸುತ್ತದೆ. ದೀಪ ಸರಿಸಿದರೆ ಅನ್ನಿಸುವುದಿಲ್ಲ. ಅದೇ ಆಗಿದ್ದರೆ ಬಸವಣ್ಣನ ಗುಡಿಗಿಂತ ಸಾವಿರ ವರ್ಷದಷ್ಟು ಹಳೆಯದು. ಬೂದಿಮಣ್ಣಿನ ಯಾವ ಪದರದಲ್ಲಿತ್ತು, ಆ ಮಡಕೆ ಚೂರು ಕಪ್ಪೋ ಕೆಂಪೋ? ನಾನು ನೋಡಿದ್ದು ಬೆಳಕು ಬಿದ್ದಷ್ಟನ್ನೇ.

ಹಿತ್ತಿಲಿಗೆ ಒಯ್ದು ಹುಲ್ಲಿನ ಮೇಲಿಟ್ಟೆ. ಯಂತ್ರ ಆನ್ ಮಾಡಿ ತಟ್ಟೆ ಬೀಸಿದೆ. ನಡುವಿನ ದನಿ. ಡಬ್ಬಿಯ ಕಿವಿಯ ದನಿಯೇ. ಮತ್ತೆ ಬೀಸಿದೆ. ಅದೇ.

ನಮ್ಮ ಕಡೆಯೂ ನಿಧಿಯ ಕಾಯ್ದೆ ಇದೆ. ನೆಲದಲ್ಲಿ ಬೆಲೆಬಾಳುವುದು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಪತ್ರ ಶುರುಮಾಡಿದೆ. ಮಾನ್ಯ ಜಿಲ್ಲಾಧಿಕಾರಿಗಳಿಗೆ. ಮುಂದಿನ ಸಾಲು ಯಾರ ಹೆಸರಿನಿಂದ ಶುರುವಾಗಬೇಕು? ನನ್ನದಾ, ಚಿಕ್ಕಪ್ಪನದಾ? ಆ ಹುಡುಗಿಯ ಮದುವೆ?

ಹಾಳೆ ಮಡಚಿಟ್ಟೆ. ಹರಿಯಲಿಲ್ಲ.

ನವೆಂಬರ್ 9, ಶನಿವಾರ

ಬಿತ್ತನೆ ಆಯಿತು. ಹೊಲ ಮುಚ್ಚಿತು. ಒಪ್ಪಂದದ ಹಾಳೆ ವಾಪಸ್ ಕೊಡಲು ಹೋದಾಗ ಗೌಡ್ರಿಗೆ ಹೇಳಿದೆ, ಅಕ್ಟೋಬರ್ 20ರಂದು ಬೇಲಿ ದಾಟಿದ್ದನ್ನು, ಯಂತ್ರ ಆನ್ ಇದ್ದದ್ದನ್ನು. ಬಹಳ ಹೊತ್ತು ಮಾತಾಡಲಿಲ್ಲ. ಚಹಾ ಕೊಟ್ಟರು. ಬರುವ ವರ್ಷದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನವೆಂಬರ್ 10, ಭಾನುವಾರ

ಬೆಳಗ್ಗೆ ಅಪ್ಪನೇ ಫೋನು ಮಾಡಿದರು. ಎಂದೂ ಅವರಾಗಿ ಮಾಡುವವರಲ್ಲ.

"ನಿನ್ನೆ ಹಾಳೂರಿಗೆ ಹೋಗಿದ್ನಪ್ಪ. ಆ ದೊಡ್ಡ ಹುಣಸೆಮರ ಇನ್ನೂ ಐತೆ. ಅದ್ರ ಬುಡದಿಂದ ಮೂಡ್ಲಿಗೆ ಇಪ್ಪತ್ತೆರಡು ಹೆಜ್ಜೆ. ಬರ್ಕೊ."

"ಅಲ್ಲೇ ಅಂತ ಹೆಂಗೆ ಗೊತ್ತಾಯ್ತು, ಅಪ್ಪ?"

"ಆವತ್ತು ಬೆಳಿಗ್ಗೆ ನಿನ್ನ ಟಾರ್ಚು ಸಿಕ್ಕಿದ್ದು ಅಲ್ಲೇ ಅಲ್ವ? ಇನ್ನೂ ಹತ್ತಿಕೊಂಡೇ ಇತ್ತು. ನಾನೇ ಆರ್ಸಿದ್ದು."

ಆಮೇಲೆ ಮಳೆಯ ಮಾತು, ಈರುಳ್ಳಿ ರೇಟು.

ಚೀಟಿಯಲ್ಲಿ ಬರೆದೆ. ಹುಣಸೆಮರ. ಮೂಡಲಿಗೆ. ಇಪ್ಪತ್ತೆರಡು ಹೆಜ್ಜೆ. ಬಿಲ್ಲೆಯ ಜೊತೆ ಒಂದೇ ಪೊಟ್ಟಣದಲ್ಲಿ ಸುತ್ತಿದೆ. ಮಂಡಿ ಬಗ್ಗದ ಎಪ್ಪತ್ತಾರರ ಕಾಲು. ಒಂದು ಹೆಜ್ಜೆ ಎಷ್ಟುದ್ದ ಅಂತ ಕೇಳಬೇಕಿತ್ತು, ಕೇಳಲಿಲ್ಲ.