ಅಪ್ಪಯ್ಯನ ಚೇತಕ್ಕಿಗೆ ಹನ್ನೆರಡು ವೋಲ್ಟು

ಬೆಂಗಳೂರಿಗೂ ಕನ್ಯಾಕುಮಾರಿಗೂ ನಡುವೆ ಓಡಾಡುವ ಐಲ್ಯಾಂಡ್ ಎಕ್ಸ್‌ಪ್ರೆಸ್ಸಿಗೆ ಆ ಹೆಸರು ಯಾಕೆ ಬಂತೆಂದು ನಮ್ಮ ಸಂಘದ ಎಳೆಯರಲ್ಲಿ ಎಷ್ಟು ಜನರಿಗೆ ಗೊತ್ತೋ! ಅದು ಬರುತ್ತಿದ್ದುದು ನಮ್ಮ ವಿಲ್ಲಿಂಗ್ಡನ್ ಐಲ್ಯಾಂಡಿಗೇ. ಕೊಚ್ಚಿನ್ ಹಾರ್ಬರ್ ಟರ್ಮಿನಸ್ಸಿನಲ್ಲಿ ಅದರ ಪಯಣ ಮುಗಿಯುತ್ತಿತ್ತು. ಆಮೇಲೆ ರೈಲು ತಿರುವನಂತಪುರದ ಕಡೆಗೆ ತಿರುಗಿತು, ಐಲ್ಯಾಂಡಿಗೆ ಬರುವುದು ನಿಂತಿತು, ಹೆಸರು ಮಾತ್ರ ಹಾಗೆಯೇ ಉಳಿದುಕೊಂಡಿತು. 2022ರ ಕೊನೆಯಲ್ಲಿ ನಾನು ಅದೇ ರೈಲಿನಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ ಒಂದು ದೊಡ್ಡ ತಗಡನ್ನು ಗೋಣಿಯಲ್ಲಿ ಸುತ್ತಿ, ಸೀಟಿನ ಕೆಳಗೆ ತೂರಿಸಿ ತಂದೆ. ಸಹಪ್ರಯಾಣಿಕರೊಬ್ಬರು ಅದೇನೆಂದು ಕೇಳಿದರು. 'ಸ್ಕೂಟರಿನ ಹೊಟ್ಟೆ' ಎಂದೆ. ಅವರು ಮತ್ತೆ ಮಾತಾಡಲಿಲ್ಲ.

ಸ್ಕೂಟರು ನಮ್ಮ ಅಪ್ಪಯ್ಯನದು. ಬಜಾಜ್ ಚೇತಕ್. ಹೆಸರು ನೋಂದಾಯಿಸಿ ಎಂಟು ವರ್ಷ ಕಾದು, 1984ರಲ್ಲಿ ಅದನ್ನು ಮನೆಗೆ ತಂದರು. ಎಂಟು ವರ್ಷವೇ ಎಂದು ನೀವು ಹುಬ್ಬೇರಿಸಬಹುದು. ಆಗ ಯಾವ ಕಾರ್ಖಾನೆ ಎಷ್ಟು ಸ್ಕೂಟರು ಮಾಡಬೇಕೆಂಬುದನ್ನೂ ಸರ್ಕಾರವೇ ನಿಗದಿ ಮಾಡುತ್ತಿತ್ತು. ಹಾಗಾಗಿ ಹಣ ಕಟ್ಟಿದವರು ಕಾಯಬೇಕಿತ್ತು. ಈ ಮಧ್ಯೆ ಮದುವೆ, ಮಗ, ವರ್ಗಾವಣೆ ಎಲ್ಲವೂ ಆಗಿಹೋಗುತ್ತಿದ್ದವು. ಕುಂದಾಪುರದ ಕಡೆಯಿಂದ ಬಂದು ಐಲ್ಯಾಂಡಿನ ಹಡಗು ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಅಪ್ಪಯ್ಯನಿಗೆ ಅದು ವಾಹನಕ್ಕಿಂತ ಹೆಚ್ಚಾಗಿ ಒಂದು ಪದವಿಯೇ ಆಗಿತ್ತು.

ಅಂದ ಹಾಗೆ, ಈ ಚೇತಕ್ಕಿನ ವಂಶವೃಕ್ಷ ಇಟಲಿಯಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಕಾರ್ಖಾನೆ ಹಾಳಾದ ಮೇಲೆ ಪಿಯಾಜಿಯೊ ಕಂಪೆನಿಯವರು ಅಗ್ಗದ ವಾಹನವೊಂದನ್ನು ಮಾಡಲು ಹೊರಟರು. ಕೊರಾಡಿನೊ ದಾಸ್ಕಾನಿಯೊ ಎಂಬ ವಿಮಾನ ಇಂಜಿನಿಯರು ಅದರ ವಿನ್ಯಾಸ ಮಾಡಿದರು. ಅದೇ 1946ರ ವೆಸ್ಪಾ. ಮುಂದಿನ ಚಕ್ರವನ್ನು ಒಂದೇ ಬದಿಯಿಂದ ಹಿಡಿದಿರುವ ತೋಳು ವಿಮಾನದ ಗಾಲಿಯ ನೆನಪನ್ನು ತರುತ್ತದಲ್ಲ, ಅದು ಸುಮ್ಮನೆ ಅಲ್ಲ! ಬಜಾಜ್‌ನವರು ಮೊದಲು ಅವರ ಪರವಾನಗಿಯಲ್ಲಿ ವೆಸ್ಪಾ ತಯಾರಿಸಿದರು. 1971ರಲ್ಲಿ ಆ ಒಪ್ಪಂದ ಮುಗಿದ ಮೇಲೆ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು ಚೇತಕ್ಕನ್ನು ಹೊರತಂದರು. ಇದಕ್ಕೆ ಬೇರೆ ಚೌಕಟ್ಟು ಎಂಬುದಿಲ್ಲ. ತಗಡಿನ ಮೈಯೇ ಅದರ ಎಲುಬು. ತಗಡು ತುಕ್ಕು ಹಿಡಿದರೆ ಬರಿಯ ಅಂದವಲ್ಲ, ಎಲುಬೇ ಹೋದಂತೆ.

ತುಕ್ಕು ಹಿಡಿಯದೆ ಇನ್ನೇನು? ಐಲ್ಯಾಂಡು ಎಂದರೆ ರಾಬರ್ಟ್ ಬ್ರಿಸ್ಟೋ ಸಾಹೇಬರು ಬಂದರು ಕಟ್ಟುವಾಗ ಹಿನ್ನೀರಿನಿಂದ ಹೂಳೆತ್ತಿ, ಅದನ್ನೇ ಗುಡ್ಡೆ ಹಾಕಿ ಮಾಡಿದ ನೆಲ. ಸುತ್ತಲೂ ಉಪ್ಪುನೀರು, ಮೇಲೆ ಜೂನಿನಿಂದ ಮಳೆ. ಅಪ್ಪಯ್ಯ ನಿವೃತ್ತರಾಗಿ ನಾವು ತೋಪ್ಪುಂಪಡಿಗೆ ಮನೆ ಬದಲಿಸಿದ ಮೇಲೆ, 2004ರಿಂದ ಅದು ಹಿತ್ತಲ ಶೆಡ್ಡಿನಲ್ಲಿ ಕುಳಿತೇ ಇತ್ತು. ಅದರ ಮೇಲೆ ತೆಂಗಿನಕಾಯಿ ಚೀಲ, ಚೀಲದ ಮೇಲೆ ಬೆಕ್ಕು.

2021ರಲ್ಲಿ ಅಮ್ಮ ತೀರಿಕೊಂಡರು. ಮರುವರ್ಷ ಶೆಡ್ಡು ಖಾಲಿ ಮಾಡುವಾಗ ಗುಜರಿಯವನು 1,800 ರೂಪಾಯಿ ಕೊಡುತ್ತೇನೆಂದ. ಅಪ್ಪಯ್ಯ ಬೇಡವೆನ್ನಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. ಎದ್ದು ಒಳಗೆ ಹೋದರು. ಅಮ್ಮ ಹೋದ ಮೇಲೆ ಅವರ ಮಾತು ಹಾಗೆಯೇ ಆಗಿತ್ತು. ಊಟ ಸಾಕೇ ಎಂದರೆ ಸಾಕು, ಇನ್ನೂ ಬಡಿಸಲೇ ಎಂದರೆ ಬಡಿಸು. ಗುಜರಿಯವನನ್ನು ಕಳಿಸಿದ್ದು ನನ್ನ ಮಗಳು. ತಿರುವನಂತಪುರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವಳು ಆ ಶನಿವಾರ ಮನೆಗೆ ಬಂದಿದ್ದಳು. 'ನಾವೇ ರಿಪೇರಿ ಮಾಡೋಣ ಅಪ್ಪಾ' ಎಂದಳು. ನನಗೆ ಲೆಕ್ಕಪತ್ರ ಬರುತ್ತದೆ, ಸ್ಪಾನರು ಬರುವುದಿಲ್ಲ. ಅಪ್ಪಯ್ಯನಿಗೆ ಸ್ಪಾನರು ಬರುತ್ತದೆ, ಕೈ ನಡುಗುತ್ತದೆ. ಹೀಗೆ ಮೂವರ ಸಂಘ ಸ್ಥಾಪನೆಯಾಯಿತು.

ಮೊದಲ ಕೆಲಸ ಇಂಜಿನ್. ಕಿಕ್ ಅಲ್ಲಾಡಲೇ ಇಲ್ಲ, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಅವಳು ಕಿಕ್ಕಿನ ಮೇಲೆ ನಿಂತು ಒದೆಯಲು ಹೊರಟಾಗ ವರಾಂಡದ ಕುರ್ಚಿಯಿಂದ ಅಪ್ಪಯ್ಯನ ದನಿ ಬಂತು: 'ಹಾಂಗ್ ಒದುಕಾಗ ಮಗಾ!' ಎಷ್ಟೋ ತಿಂಗಳ ಮೇಲೆ ಕೇಳಿದ ಗಟ್ಟಿ ದನಿ ಅದು. ಅವರು ಹೇಳಿದಂತೆ ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಸುರಿದು ಐದು ದಿನ ಬಿಟ್ಟೆವು. ಆರನೆಯ ದಿನ ಫ್ಯಾನಿನ ಕಡೆಯ ಚಕ್ರವನ್ನು ಹಿಡಿದು ಮೆಲ್ಲಗೆ ಹಿಂದೆ ಮುಂದೆ ಆಡಿಸಿದಾಗ ಕೂದಲೆಳೆಯಷ್ಟು ಜರುಗಿತು. ಆ ದಿನ ಮನೆಯಲ್ಲಿ ಪಾಯಸ!

ಬಿಚ್ಚಿ ನೋಡಿದರೆ ಒಳಗೆ ಕರಿಯೋ ಕರಿ. ಟೂ ಸ್ಟ್ರೋಕ್ ಇಂಜಿನಿನಲ್ಲಿ ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯುತ್ತದೆ. ಆ ಮಸಿ ಪಿಸ್ಟನ್ನಿನ ತಲೆಯಲ್ಲಿ, ಹೊಗೆ ಹೋಗುವ ಬಾಯಲ್ಲಿ, ಸೈಲೆನ್ಸರಿನಲ್ಲಿ ಗಟ್ಟಿಯಾಗಿ ಕೂರುತ್ತದೆ. 57 ಮಿಲಿಮೀಟರ್ ಬೋರು, ಅಷ್ಟೇ ಸ್ಟ್ರೋಕು, ಒಟ್ಟು 145 ಸಿ.ಸಿ. ಸಿಲಿಂಡರನ್ನು ಲೇತಿನವರಲ್ಲಿ ಕೊರೆಸಿ, ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಿಸಿದೆವು. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲುಗಳು ಒಣಗಿ ಕಲ್ಲಾಗಿದ್ದವು. ಇದನ್ನು ಸ್ವಲ್ಪ ಕಿವಿಗೊಟ್ಟು ಕೇಳಿ, ಅಗ್ಗದ ವಸ್ತು, ಆದರೆ ತಲೆ ತಿನ್ನುವುದು ಇದೇ. ಮ್ಯಾಗ್ನೆಟ್ ಬದಿಯ ಸೀಲು ಸೋರಿದರೆ ಹೊರಗಿನ ಗಾಳಿ ಒಳಗೆ ನುಗ್ಗಿ, ಆಕ್ಸಲರೇಟರ್ ಬಿಟ್ಟರೂ ಇಂಜಿನ್ ಕಿರುಚುತ್ತಲೇ ಇರುತ್ತದೆ. ಕ್ಲಚ್ ಬದಿಯದು ಸೋರಿದರೆ ಗೇರಿನ ಎಣ್ಣೆಯನ್ನೇ ಹೀರಿ ಬಿಳಿ ಹೊಗೆ ಕಾರುತ್ತದೆ. ಜನ ಕಾರ್ಬುರೇಟರನ್ನು ಹತ್ತು ಸಲ ಬಿಚ್ಚುತ್ತಾರೆ, ಸೀಲಿನ ಕಡೆ ನೋಡುವುದೇ ಇಲ್ಲ.

ಪೆಟ್ರೋಲ್ ಟ್ಯಾಂಕಿನ ತುಕ್ಕಿಗೆ ಮಗಳು ಅಡುಗೆಮನೆಯ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ, ತುಂಬಿಸಿ, ಎರಡು ರಾತ್ರಿ ಇಟ್ಟಳು. ಆಮೇಲೆ ಸೋಡಾಪುಡಿಯ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಎಣ್ಣೆ ಆಡಿಸಿದಳು. ಒಳಗೆ ಬೆಳ್ಳಿಯ ಹಾಗೆ ಹೊಳೆಯಿತು. 'ತುರುಂಬು ಹೋಯಿತು ಅಜ್ಜಯ್ಯ' ಎಂದಳು. 'ತುರುಂಬು ಅಲ್ಲ, ತುಕ್ಕು' ಎಂದರು ಅಪ್ಪಯ್ಯ. ಅವಳು ಕಲಿತ ಕನ್ನಡದಲ್ಲಿ ಊಟ, ತಿಂಡಿ, ಹಬ್ಬ, ನೆಂಟರು ಇದ್ದರು. ಸಡಿಲ, ಬಿಗಿ, ಸವೆತ, ಬಿರುಕು, ಬೆಸುಗೆ, ಒಸರು ಇವೆಲ್ಲ ಆ ವರಾಂಡದಲ್ಲಿ ಬಂದು ಸೇರಿಕೊಂಡವು. ಅಪ್ಪಯ್ಯನೂ ಬದಲಿಗೆ ಅವಳಿಂದ ಸರ್ಕಿಟ್ ಓದುವುದನ್ನು ಕಲಿತರು. ತೋಪ್ಪುಂಪಡಿಯ ಟಿಂಕರಿಂಗ್ ಆಶಾನ್ ಬಂದು ಜೆ.ಸಿ. ರಸ್ತೆಯ ತಗಡನ್ನು ಬೆಸೆಯುವಾಗ ಅವಳು ಅಜ್ಜನ ಕನ್ನಡವನ್ನು ಮಲಯಾಳಕ್ಕೂ ಆಶಾನರ ಮಲಯಾಳವನ್ನು ಕನ್ನಡಕ್ಕೂ ತಿರುಗಿಸುತ್ತಿದ್ದಳು. ನಲವತ್ತು ವರ್ಷದಿಂದ ಮಲಯಾಳ ಬಲ್ಲ ಅಪ್ಪಯ್ಯ ಅದನ್ನು ತಡೆಯಲಿಲ್ಲ. ಯಾಕೆಂದು ನೀವೇ ಊಹಿಸಿ.

ಜಗಳ ಶುರುವಾದದ್ದು 'ಹೊಸದು ಮಾಡುವುದು ಎಷ್ಟರ ಮಟ್ಟಿಗೆ' ಎಂಬ ಪ್ರಶ್ನೆಯಲ್ಲಿ. ಮಗಳ ಪಟ್ಟಿ ಉದ್ದವಿತ್ತು: ಮುಂದೆ ಡಿಸ್ಕ್ ಬ್ರೇಕು, ಹೊಸ ಸೀಟು. ಅಷ್ಟು ಹೊತ್ತಿಗೆ ಕಂಪೆನಿಯೇ 2020ರಲ್ಲಿ ಚೇತಕ್ ಹೆಸರಿನ ವಿದ್ಯುತ್ ಸ್ಕೂಟರ್ ತಂದಿದ್ದರಿಂದ 'ಇಂಜಿನನ್ನೇ ತೆಗೆದು ಮೋಟಾರು ಕೂರಿಸಿದರೆ?' ಎಂದೂ ಕೇಳಿದಳು. ಅವಳ ವಾದದಲ್ಲಿ ಹುರುಳಿಲ್ಲದಿಲ್ಲ. ಟೂ ಸ್ಟ್ರೋಕಿನಲ್ಲಿ ಹೊಸ ಮಿಶ್ರಣ ಒಳಗೆ ಬರುವಾಗ ಹೊಗೆಯ ಬಾಯಿಯೂ ತೆರೆದೇ ಇರುತ್ತದೆ. ಉರಿಯದ ಪೆಟ್ರೋಲು ಹಾಗೆಯೇ ಹೊರಗೆ ಹೋಗುತ್ತದೆ. ದಿನವೂ ಕಚೇರಿಗೆ ಓಡಿಸುವ ವಾಹನ ಇದಲ್ಲ ಎಂಬುದನ್ನು ನಾನು ಒಪ್ಪಿದೆ. ಆದರೆ ಇಂಜಿನ್ ತೆಗೆಯುವುದಕ್ಕೆ ನಾನು ಒಪ್ಪಲಿಲ್ಲ. ಒಂದು ನಟ್ಟೂ ಬದಲಾಗಬಾರದು, 1984ರಲ್ಲಿ ಹೇಗಿತ್ತೋ ಹಾಗೆಯೇ ಇರಬೇಕು ಎಂಬುದು ನನ್ನ ಪಕ್ಷ. ಅಪ್ಪಯ್ಯ ನನ್ನ ಕಡೆಗೇ ಎಂದು ತಿಳಿದುಕೊಂಡಿದ್ದೆ.

ಅವರು ನಿಧಾನವಾಗಿ ಹೇಳಿದರು: 'ಬೇರೆ ಎಂತದೂ ಬೇಡ. ಲೈಟ್ ಮಾತ್ರ ಬದ್ಲ್ ಮಾಡಿ.'

ಯಾವ ಲೈಟಿನ ಮಾತೆಂದು ನನಗೆ ಆ ಕ್ಷಣವೇ ತಿಳಿಯಿತು. 1986ರ ಜೂನ್. ಅಮ್ಮನಿಗೆ ಏಳು ತಿಂಗಳು, ಹೊಟ್ಟೆಯಲ್ಲಿ ತಂಗಿ. ಎರ್ನಾಕುಳಂನಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದ ನೆಂಟರ ಮನೆಯಿಂದ ರಾತ್ರಿ ಐಲ್ಯಾಂಡಿಗೆ ಮರಳುತ್ತಿದ್ದೆವು. ಎಂಟು ವರ್ಷದ ನಾನು ಮುಂದೆ ನಿಂತಿದ್ದೆ. ಸುರಿಯುವ ಮಳೆಯಲ್ಲಿ ಹಳೆಯ ವೆಂಡುರುತ್ತಿ ಸೇತುವೆಯ ಮೇಲೆ ಹೆಡ್‌ಲೈಟ್ ಆರಿಹೋಯಿತು. ಎದುರಿಂದ ಬಂದರಿನ ಲಾರಿಗಳು. ಅಮ್ಮ ಕೈಚೀಲದಿಂದ ಟಾರ್ಚು ತೆಗೆದು ಅಪ್ಪಯ್ಯನ ಭುಜದ ಮೇಲಿಂದ ಚಾಚಿ ಹಿಡಿದರು. ಸೇತುವೆ ದಾಟುವವರೆಗೆ, ಅಲ್ಲಿಂದ ಮನೆಯವರೆಗೆ. ಯಾರೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಅಮ್ಮ ಟಾರ್ಚಿನ ಸೆಲ್ಲುಗಳನ್ನು ತೆಗೆದು ಒರೆಸಿಟ್ಟರು. ಅಪ್ಪಯ್ಯ ಆ ರಾತ್ರಿ ಉಣ್ಣಲಿಲ್ಲ.

ಕಾರಣ ಸರಳ. ಆ ಸ್ಕೂಟರಿಗೆ ಬ್ಯಾಟರಿ ಇರಲಿಲ್ಲ. ಆರು ವೋಲ್ಟಿನ ದೀಪ ನೇರವಾಗಿ ಮ್ಯಾಗ್ನೆಟ್ಟಿನಿಂದ ಉರಿಯುತ್ತಿತ್ತು. ಇಂಜಿನ್ ನಿಧಾನವಾದರೆ ಹಣತೆ, ಜೋರಾದರೆ ಸೂರ್ಯ. ಹಿಂದಿನ ಬಲ್ಬು ಹೋಗಿಬಿಟ್ಟರೆ ಅದರ ಪಾಲಿನ ಕರೆಂಟೂ ಮುಂದಿನದಕ್ಕೇ ಬಂದು, ಏರಿನಲ್ಲಿ ಇಂಜಿನ್ ಜೋರು ಮಾಡಿದಾಗ ಅದೂ ಸುಟ್ಟುಹೋಗುತ್ತಿತ್ತು. ಮಗಳು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದಳು: 6 ವೋಲ್ಟಿನಲ್ಲಿ 25 ವಾಟ್ ಉರಿಸಲು 4 ಆಂಪಿಯರಿಗಿಂತ ಹೆಚ್ಚು ಕರೆಂಟು ಹರಿಯಬೇಕು. 12 ವೋಲ್ಟಿನಲ್ಲಿ 35 ವಾಟಿಗೂ 3 ಆಂಪಿಯರ್ ಸಾಕು. ಹಳೆಯ ತಂತಿ, ತುಕ್ಕು ಹಿಡಿದ ಸ್ವಿಚ್ಚುಗಳಲ್ಲಿ ಅರ್ಧ ವೋಲ್ಟ್ ಕಳೆದುಹೋದರೆ 6ರಲ್ಲಿ ಅದು ನೂರಕ್ಕೆ 8, 12ರಲ್ಲಿ ಬರಿಯ 4. ಅಪ್ಪಯ್ಯ ಕನ್ನಡಕ ಏರಿಸಿ ಎರಡು ಸಲ ಓದಿ, 'ಹಾಂಗಾದ್ರೆ ಸಮ' ಎಂದರು.

ನನ್ನ ಪಕ್ಷ ಅಲ್ಲಿಗೆ ಸೋತಿತು. ಪಾಯಿಂಟು, ಕಂಡೆನ್ಸರು ಎಲ್ಲ ಹೋಗಿ ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಹೊಸ ಪ್ಲೇಟು, ಹೊಸ ಫ್ಲೈವೀಲು, ವೋಲ್ಟೇಜನ್ನು ಹದ್ದಿನಲ್ಲಿಡುವ ರೆಗ್ಯುಲೇಟರು, ಹೊಸ ತಂತಿ, ಎಲ್ಲ ಬಲ್ಬುಗಳು, ಹಾರನ್ನು ಬಂದವು. ನೀವು ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ, ಫ್ಲೈವೀಲು ಕೊಳ್ಳುವ ಮೊದಲು ನಿಮ್ಮ ಕ್ರ್ಯಾಂಕಿನ ತುದಿಯ ಇಳಿಜಾರಿಗೆ ಅದು ಕೂರುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಹಳೆಯದನ್ನು ತೆಗೆಯಲು ಅದರದೇ ಪುಲ್ಲರ್ ಬಳಸಿ, ಸುತ್ತಿಗೆಯಿಂದ ಬಡಿಯಬೇಡಿ. ಇನ್ನೊಂದು ಮಾತು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ. ವಾರಗಟ್ಟಲೆ ಓಡಿಸುವುದಿಲ್ಲವಾದರೆ ಪೆಟ್ರೋಲ್ ನಲ್ಲಿ ಮುಚ್ಚಿ, ಕಾರ್ಬುರೇಟರ್ ಖಾಲಿಯಾಗುವವರೆಗೆ ಇಂಜಿನ್ ಓಡಿಸಿ ನಿಲ್ಲಿಸಿ.

ನೋಂದಣಿ ನವೀಕರಣ, ವಿಮೆ, ಹೊಗೆ ಪರೀಕ್ಷೆ, ಕಚೇರಿಗೆ ಅಲೆದಾಟ ಇವುಗಳ ಪುರಾಣ ಬೇಡ. ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ನಮ್ಮದು ಬಹಳ ಕಾಲ ತಪ್ಪಿಹೋಗಿದ್ದರಿಂದ ದಂಡವೂ ಸೇರಿ ಪೇಂಟಿಗಿಂತ ಹೆಚ್ಚಾಯಿತು. ಬಣ್ಣ ಹಳೆಯದೇ, ತಿಳಿ ನೀಲಿ.

2023ರ ಜುಲೈಯಲ್ಲಿ ಒಂದು ಸಂಜೆ, ಮಳೆ ಬಿಟ್ಟಿದ್ದಾಗ, ಮಗಳು ಅಜ್ಜನನ್ನು ಹಿಂದೆ ಕೂರಿಸಿಕೊಂಡು ಐಲ್ಯಾಂಡಿನ ಒಂದು ಸುತ್ತು ಹೋದಳು. ಇಬ್ಬರಿಗೂ ಹೆಲ್ಮೆಟು. ಹೆಲ್ಮೆಟಿನ ಪಟ್ಟಿ ಅಪ್ಪಯ್ಯನಿಗೆ ಹಾಕಲು ಬಾರದೆ ಅವಳೇ ಹಾಕಿದಳು. ನಾನು ಹಿಂದಿನಿಂದ ಬೈಕಿನಲ್ಲಿ. ಗೇರು ಬದಲಿಸುವಾಗಲೆಲ್ಲ ಅಪ್ಪಯ್ಯನ ಎಡಗೈ ತನ್ನಷ್ಟಕ್ಕೆ ತಿರುಗುತ್ತಿತ್ತು. ವೆಂಡುರುತ್ತಿಯಲ್ಲಿ ಈಗ ಹೊಸ ಸೇತುವೆ ಇದೆ. ಅದರ ನಡುವೆ ಅವರು ನಿಲ್ಲಿಸಲು ಹೇಳಲಿಲ್ಲ. ಮನೆಗೆ ಬಂದು 'ಲೈಟ್ ಅಡ್ಡಿಲ್ಲೆ' ಎಂದರು. ಕುಂದಾಪುರದವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಎಂಬುದು ಬಲ್ಲವರಿಗೆ ಗೊತ್ತು.

ಸ್ಪೀಡೋಮೀಟರು ಇನ್ನೂ ಕೆಲಸ ಮಾಡುವುದಿಲ್ಲ. ಕೇಬಲ್ಲು ಯಾಕೆ ಪದೇ ಪದೇ ತುಂಡಾಗುತ್ತದೆಂಬ ಬಗ್ಗೆ ಅಜ್ಜ-ಮೊಮ್ಮಗಳ ನಡುವೆ ಈಗಲೂ ವಾರಕ್ಕೊಮ್ಮೆ ಫೋನಿನಲ್ಲಿ ವಾದ ನಡೆಯುತ್ತದೆ. ತೆಗೆದ ಆರು ವೋಲ್ಟಿನ ಮ್ಯಾಗ್ನೆಟ್ ಪ್ಲೇಟು, ಫ್ಲೈವೀಲು, ಮೂರು ಬಲ್ಬು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಸುಸ್ಥಿತಿಯಲ್ಲಿವೆ. ಸಂಘದ ಸದಸ್ಯರಲ್ಲಿ ಹಳೆಯ ಚೇತಕ್ ಇಟ್ಟುಕೊಂಡವರು ಯಾರಾದರೂ ಇದ್ದರೆ ಬಂದು ತೆಗೆದುಕೊಂಡು ಹೋಗಬಹುದು. ಹಣ ಬೇಡ. ಆದರೆ ಅಪ್ಪಯ್ಯ ಕುಳ್ಳಿರಿಸಿ ಒಂದು ಗಂಟೆ ಮಾತಾಡಿಸುತ್ತಾರೆ, ಸಮಯ ಇಟ್ಟುಕೊಂಡು ಬನ್ನಿ.