ಹೊಲದಲ್ಲಿ ಸಿಕ್ಕ ಸೀಸದ ಗುಂಡು

ಗಾತ್ರ ಅಡಿಕೆಯಷ್ಟೇ, ಆದರೆ ಅಂಗೈಯಲ್ಲಿಟ್ಟ ಕೂಡಲೇ ಕೈ ಜಗ್ಗಿತು. ಕಣಗಲಾದ ಕಾಕಾ ಒಬ್ಬರು ಹೊಲ ಹರಗುವಾಗ ಕುಂಟೆಗೆ ಸಿಕ್ಕಿದ್ದನ್ನು ಕಿಸೆಯಲ್ಲಿ ಇಟ್ಟುಕೊಂಡಿದ್ದರು. “ಬಲಿಗೆ ಕಟ್ಟೂ ಸೀಸ ಇರಬೇಕ್ರಿ. ಹಿರಣ್ಯಕೇಶಿ ಹೊಳಿಗೆ ಮೀನ ಹಿಡಿಯಾಕ ಹೋಗವ್ರು ಬೀಳಿಸಿರಬೇಕು” ಅಂದರು. ಬಲೆಯ ಸೀಸಕ್ಕೆ ದಾರ ಪೋಣಿಸಲು ತೂತು ಬೇಕು, ಇದರಲ್ಲಿ ಇರಲಿಲ್ಲ. ನಡುವೆ ಕೂದಲೆಳೆಯಂಥ ಗೆರೆ, ಎರಡು ಹೋಳಿನ ಅಚ್ಚು ಕೂಡಿದ ಗುರುತು. ಒಂದು ಬದಿಗೆ ಚಪ್ಪಟೆ ಚುಕ್ಕೆ, ಕರಗಿದ ಸೀಸ ಹೊಯ್ದ ಬಾಲವನ್ನು ಕತ್ತರಿಸಿದ ಜಾಗ. ಬಂದೂಕಿನ ಗುಂಡೇ ಸರಿ.

ಪತ್ತಾರರ ತಕ್ಕಡಿಯಲ್ಲಿ 31 ಗ್ರಾಂ ತೂಗಿತು. ಈಸ್ಟ್ ಇಂಡಿಯಾ ಕಂಪನಿ ಸಿಪಾಯಿಗಳ ‘ಬ್ರೌನ್ ಬೆಸ್’ ಬಂದೂಕಿಗೆ ಒಂದು ಪೌಂಡ್ ಸೀಸದಲ್ಲಿ ಸುಮಾರು 14 ಗುಂಡು ಎರೆಯುತ್ತಿದ್ದರು. ಒಂದೊಂದು 32 ಗ್ರಾಂ ಆಸುಪಾಸು. ನಳಿಗೆಯ ಅಡ್ಡಳತೆ 19 ಮಿಲಿಮೀಟರ್, ಗುಂಡಿನದು ಹದಿನೇಳೂವರೆ. ಮದ್ದಿನ ಮಸಿ ಕಟ್ಟಿದ ನಳಿಗೆಯಲ್ಲೂ ಸರಕ್ಕನೆ ಇಳಿಯಲೆಂದು ಅಷ್ಟು ಸಡಿಲ. 1853ರ ಎನ್‌ಫೀಲ್ಡ್ ಬಂದೂಕಿನ ಗುಂಡಾಗಿದ್ದರೆ ಮೊನೆ ಇರುತ್ತಿತ್ತು, ಬುಡದಲ್ಲಿ ಕುಳಿ ಇರುತ್ತಿತ್ತು.

ಗುಂಡನ್ನು ಉಜ್ಜಲು ಕಾಕಾ ಆಗಲೇ ಹುಣಸೆಹಣ್ಣು ತರಲು ಎದ್ದಿದ್ದರು, ನಾನು ತಡೆದೆ. ಸೀಸದ ಮೇಲಿನ ಬಿಳಿ ಪದರ ಮಣ್ಣಿನಲ್ಲಿ ವರ್ಷಗಟ್ಟಲೆ ಕೂತು ಬಂದದ್ದು. ಹುಳಿಗೆ ಅದು ಕರಗುತ್ತದೆ, ಗುರುತುಗಳೂ ಅಳಿಸುತ್ತವೆ. ಸೀಸ ವಿಷ, ಮುಟ್ಟಿದ ಕೈ ತೊಳೆಯಲೇಬೇಕು.

ಯಾರ ಗುಂಡು ಎಂಬುದು ಬೇರೆಯೇ ಪ್ರಶ್ನೆ. ಈ ಸೀಮೆ ಬಂದೂಕಿನ ಸದ್ದು ಬಲ್ಲದ್ದು. ಸಂಕೇಶ್ವರದ ಬಗಲಿಗೆ ವಲ್ಲಭಗಡದ ಕೋಟೆ, ಗಡಿಯಾಚೆ ಗಡಹಿಂಗ್ಲಜ ತಾಲೂಕಿನಲ್ಲಿ ಸಾಮಾನಗಡದ ಕೋಟೆ. ಕೊಲ್ಲಾಪುರ ಸಂಸ್ಥಾನದಲ್ಲಿ ಬ್ರಿಟಿಷರು ಕೂರಿಸಿದ ದಾಜಿ ಕೃಷ್ಣ ಪಂಡಿತರ ಆಡಳಿತ ಕೋಟೆ ಕಾಯುವ ಗಡಕರಿಗಳ ವಂಶಪಾರಂಪರ್ಯದ ಜಮೀನಿಗೆ ಕೈ ಹಾಕಿದಾಗ, 1844ರಲ್ಲಿ ಅವರು ಸಾಮಾನಗಡದ ಬಾಗಿಲು ಹಾಕಿಕೊಂಡು ತಿರುಗಿಬಿದ್ದರು. ಅವರ ಮೇಲೆ ಬೆಳಗಾವಿಯಿಂದ ಪಡೆ ಹೋಯಿತು. ಈ ಗುಂಡು ಆ ಪಡೆಯದೇ ಎನ್ನಲು ನನಗೂ ಆಸೆ. ಆದರೆ ಅಂಥ ಬಂದೂಕುಗಳು ದೇಸಾಯಿಗಳ, ಮರಾಠಾ ಸರದಾರರ ಆಳುಗಳ ಕೈಯಲ್ಲೂ ಇದ್ದವು. ತೂಕ ಬಂದೂಕಿನ ಜಾತಿ ಹೇಳುತ್ತದೆ, ಹಿಡಿದವನ ಹೆಸರನ್ನಲ್ಲ.

ಗುಂಡು ಯಾರ ಕಡೆಯದೆಂದು ಹೇಳಬಲ್ಲದ್ದು ಅದು ಸಿಕ್ಕ ನೆಲ ಒಂದೇ. ಅಮೆರಿಕದ ಲಿಟಲ್ ಬಿಗ್‌ಹಾರ್ನ್‌ನಲ್ಲಿ 1876ರ ಕಾಳಗದ ಬಯಲು 1983ರಲ್ಲಿ ಬೆಂಕಿಗೆ ಬೋಳಾಯಿತು. ಮರುವರ್ಷ ಪುರಾತತ್ತ್ವಜ್ಞರು ಮೆಟಲ್ ಡಿಟೆಕ್ಟರ್ ಹಿಡಿದು ನಡೆದು, ಪ್ರತಿ ಗುಂಡು, ಪ್ರತಿ ತೋಟಾ ಸಿಕ್ಕ ಜಾಗವನ್ನು ನಕ್ಷೆಯಲ್ಲಿ ಗುರುತಿಸಿದರು. ಯಾವ ಬಂದೂಕು ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದು ನಕ್ಷೆಯಲ್ಲೇ ಕಂಡಿತು. ನಮ್ಮಲ್ಲಿ ಅದೇ ಯಂತ್ರ ಹಿಡಿದವರು ನಿಧಿಯ ಆಸೆಗೆ ಗುಡಿಯ ಗರ್ಭಗೃಹವನ್ನೇ ಅಗೆದುಹಾಕುತ್ತಾರೆ. ಇದು ನನಗೆ ನಿಜಕ್ಕೂ ಸಂಕಟದ ಮಾತು. ಸಂರಕ್ಷಿತ ಸ್ಮಾರಕಗಳಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದು ಅಪರಾಧ ಎಂಬುದೂ ಅವರಿಗೆ ಗೊತ್ತು.

ಆದ್ದರಿಂದ ಹೊಲ ಹರಗುವ ಅಣ್ಣ-ತಮ್ಮಂದಿರಲ್ಲಿ ಒಂದೇ ಬೇಡಿಕೆ. ಇಂಥದ್ದು ಸಿಕ್ಕರೆ ಉಜ್ಜಬೇಡಿ, ಗುಜರಿಗೆ ಹಾಕಬೇಡಿ, ಇನ್ನಷ್ಟು ಸಿಗಬಹುದೆಂದು ಅಗೆಯಲೂ ಬೇಡಿ. ಹೊಲದ ಸರ್ವೆ ನಂಬರು, ಯಾವ ಬದುವಿನಿಂದ ಎಷ್ಟು ಹೆಜ್ಜೆ, ಎಷ್ಟು ಆಳ ಎಂದು ಒಂದು ಚೀಟಿಯಲ್ಲಿ ಬರೆದು ಗುಂಡಿನ ಜೊತೆಗೇ ಇಡಿ. ಪುರಾತತ್ತ್ವ ಇಲಾಖೆಯವರಿಗೆ ಎರಡನ್ನೂ ತೋರಿಸಿ.